ಇಲಿ ವಾರದ ಕೋಳಿ

ಹೆಗ್ಗಣ ಬೋನಿಗೆ ಬಿದ್ದದ್ದೇನೋ ಸರಿ, ಆದರೆ ಬೀಳಲು ಅದು ಆರಿಸಿಕೊಂಡ ದಿನ ಸರಿಯಿರಲಿಲ್ಲ. ಅಂದು ಚೌತಿಯ ಮರುದಿನ, ಇಲಿ ವಾರ.

ತಿಳವಳ್ಳಿಯ ಬಸ್ ನಿಲ್ದಾಣದ ಪಕ್ಕ ಹುಲಗೇಶನ ಹೊಲಿಗೆ ಅಂಗಡಿ. ಗಣಪನ ವಾಹನಕ್ಕೆ ಪೂಜೆ ಸಲ್ಲುವ ಆ ದಿನ ಕತ್ತರಿ ಮುಟ್ಟಿದರೆ ವರ್ಷವಿಡೀ ಇಲಿಗಳು ಬಟ್ಟೆ ಕಡಿಯುತ್ತವೆ ಎಂದು ಅವನು ಅಂಗಡಿ ತೆರೆದಿರಲಿಲ್ಲ. ಬಟ್ಟೆ ಕತ್ತರಿಸಲೇ ಹೆದರುವವನು ಹೆಗ್ಗಣ ಹೊಡೆಯುವುದುಂಟೆ?

“ಇವತ್ತ ಅದಕ್ಕ ಕೈ ಮಾಡಬ್ಯಾಡ್ರಿ. ಜೀವಂತ ಒಯ್ದು ದೂರ ಬಿಟ್ಟು ಬರ್ರಿ,” ಎಂದಳು ಹೆಂಡತಿ ವಿದ್ಯಾಶ್ರೀ.

ಅವಳ ಕೋಳಿಗಳಿಂದಲೇ ಈ ತಾಪತ್ರಯ. ಕೋಳಿಗೆ ಚೆಲ್ಲಿದ ನುಚ್ಚಿಗೆ ಇಲಿ ಬಂದವು, ಇಲಿಗಳ ಹಿಂದೆ ಹೆಗ್ಗಣ ಬಂತು, ಹೆಗ್ಗಣ ಬಂದ ಮೇಲೆ ಮರಿಗಳು ಕಾಣೆಯಾದವು. ಪಾಷಾಣ ಇಟ್ಟರೆ ಮೊದಲು ಕೋಳಿಯೇ ತಿನ್ನುತ್ತದೆ. ಬೆಕ್ಕು ಸಾಕಿದರೆ ಹೆಗ್ಗಣ ಉಳಿಸಿದ ಮರಿಗಳನ್ನು ಅದು ಮುಗಿಸುತ್ತದೆ. ಕೊನೆಗೆ ಉಳಿದದ್ದು ತಂತಿಯ ಬೋನು.

ದೂರ ಒಯ್ದು ಬಿಡುವುದು ಹೇಳಿದಷ್ಟು ಸುಲಭವಿರಲಿಲ್ಲ. ಹಿಡಿದ ಹೆಗ್ಗಣವನ್ನು ಯಾರೋ ಪಕ್ಕದವರ ಹಿತ್ತಲಿಗೆ ಬಿಡುತ್ತಿದ್ದಾರೆಂದು ಓಣಿಯಲ್ಲಿ ಗುಮಾನಿ ಎದ್ದಿತ್ತು. ನಳದ ಮುಂದೆ ಕೊಡಗಳಿಗಿಂತ ಹೆಚ್ಚು ಮಾತು ತುಂಬುತ್ತಿತ್ತು. ಯಾರ ಕೈಯಲ್ಲಿ ಚೀಲ ಕಂಡರೂ ಓಣಿಯ ಕಣ್ಣೆಲ್ಲ ಅದರ ಮೇಲೆ. ಹುಲಗೇಶ ಬೋನನ್ನು ಪ್ಯಾಂಟಿನ ಬಟ್ಟೆಯ ಚೀಲದಲ್ಲಿಟ್ಟು, ಬಾಯಿ ಬಿಗಿದು, ಮದುವೆಗೆ ಹೊರಟವನಂತೆ ನಗುನಗುತ್ತ ಹೊರಬಿದ್ದ.

ಪಕ್ಕದ ಮನೆಯ ಗುಲ್ನಾರ ಕಟ್ಟೆಯ ಮೇಲೆಯೇ ಕುಳಿತಿದ್ದಳು.

“ಚೀಲದಾಗೇನೈತಿ, ಹುಲಗೇಶಣ್ಣ? ಮಿಸುಗಾಡಾಕತ್ತೈತಿ?”

“ಕೋಳಿ, ಅಕ್ಕಾ. ಹಾನಗಲ್ಲಿಗೆ ಒಯ್ಯಾಕತ್ತೇನಿ.”

ಬಾಯಿ ಜಾರಿದ ಮೇಲೆ ತಿಳಿಯಿತು, ಜಗತ್ತಿನಲ್ಲಿ ಹೇಳಬಾರದಿದ್ದ ಒಂದೇ ಮಾತನ್ನು ಹೇಳಿದ್ದೇನೆಂದು. ಗುಲ್ನಾರ ಕಟ್ಟೆಯಿಂದ ಇಳಿದಳು.

“ನಮ್ಮ ಕೆಂಪು ಹ್ಯಾಟಿ ಕೋಳಿ ನಿನ್ನೆಯಿಂದ ಕಾಣವಲ್ದು. ಚೀಲಾ ಬಿಚ್ಚು, ನೋಡೋಣ.”

“ಬಿಚ್ಚಿದ್ರ ಹಾರಿ ಹೋಗತೈತಕ್ಕಾ.”

“ಹಾರಲಿ. ನಮ್ದಾಗಿದ್ರ ನಮ್ಮ ಮನಿಗೇ ಬರತೈತಿ.”

ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು. “ಸಂಜೀಕ ಬಂದು ತೋರಸ್ತೇನಿ!” ಎಂದು ಹುಲಗೇಶ ಓಡಿದ. ಚೀಲ ಎದೆಗವಚಿಕೊಂಡು ಓಡುವವನನ್ನು ಕಂಡರೆ ಯಾರಿಗಾದರೂ ಕಳ್ಳನೆಂದೇ ಅನಿಸಬೇಕು. ಗುಲ್ನಾರಳಿಗೂ ಹಾಗೇ ಅನಿಸಿತು.

ಬಸ್ಸಿನಲ್ಲಿ ಖಾಲಿಯಿದ್ದದ್ದು ಒಂದೇ ಜಾಗ. ಪಕ್ಕದಲ್ಲಿ ಕುಳಿತ ದಪ್ಪ ಮೀಸೆಯವನ ತೊಡೆಯ ಮೇಲೂ ಬಾಯಿ ಕಟ್ಟಿದ ಗೋಣಿಚೀಲ. ಅದರ ಸಂದಿಯಲ್ಲಿ ಒಂದು ಕೋಳಿಪುಕ್ಕ ಇಣುಕುತ್ತಿತ್ತು. ಅವನು ಹುಲಗೇಶನ ಚೀಲ ನೋಡಿದ, ಹುಲಗೇಶ ಅವನ ಚೀಲ ನೋಡಿದ. ಇಬ್ಬರೂ ಚೀಲವನ್ನು ತಮ್ಮತ್ತ ಎಳೆದುಕೊಂಡರು.

ಕಂಡಕ್ಟರ್ ಬಂದ. “ಏನೈತ್ರಿ ಒಳಗ?”

“ಕೋಳಿ,” ಎಂದರು ಇಬ್ಬರೂ ಒಟ್ಟಿಗೆ.

“ಕೋಳಿ ಆದ್ರ ಕೂಗಬೇಕಲ್ಲ?”

“ನಂದು ಮಲಗೇತಿ,” ಎಂದ ಮೀಸೆಯವ. “ನಂದೂ,” ಎಂದ ಹುಲಗೇಶ. ಕಂಡಕ್ಟರ್ ಇಬ್ಬರನ್ನೂ ಅನುಮಾನದಿಂದ ನೋಡಿ, ಎರಡು ಕೋಳಿಗೂ ಅರ್ಧ ಟಿಕೆಟ್ ಹರಿದ.

ಮೀಸೆಯವನ ಹೆಸರು ಭರಮಪ್ಪ, ಊರು ಮಾಸೂರು. ಹಾನಗಲ್ಲಿನ ತಂಗಿಯ ಮನೆಗೆ ಹುಂಜ ಒಯ್ಯುತ್ತಿದ್ದನಂತೆ.

“ನಿಮ್ದು?”

“ಹ್ಯಾಟಿ. ದಿನಾ ತತ್ತಿ ಇಡತೈತಿ,” ಎಂದ ಹುಲಗೇಶ. ಒಳಗಿನದು ಒಮ್ಮೆ ಜೋರಾಗಿ ಒದ್ದಾಡಿತು.

ಭರಮಪ್ಪ ನಿಟ್ಟುಸಿರಿಟ್ಟ. “ಖರೇ ಹೇಳಬೇಕಂದ್ರ ತಂಗಿಗೆ ಹ್ಯಾಟೀನ ಬೇಕಾಗಿತ್ರಿ. ಬದಲಿ ಮಾಡೋಣೇನು?”

ಹುಲಗೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೆಗ್ಗಣ ಹೋಗುತ್ತದೆ, ಕೋಳಿ ಬರುತ್ತದೆ, ಸಂಜೆ ಗುಲ್ನಾರಳ ಬಾಯಿಯೂ ಮುಚ್ಚುತ್ತದೆ. ಹುಂಜವಾದ್ದರಿಂದ ಅವಳ ಹ್ಯಾಟಿಯೆಂಬ ಮಾತೇ ಬರದು. ಪಾಪ, ಈ ಮನುಷ್ಯನ ತಂಗಿ ಚೀಲ ಬಿಚ್ಚಿದಾಗ ಏನಾದೀತು ಎಂಬ ಅಳುಕು ಒಂದು ಗಳಿಗೆ ಬಂತು. ಹೋಯಿತು.

“ಆತ್ರಿ. ಬಸ್ಸಿನ್ಯಾಗ ಬಿಚ್ಚೋದು ಮಾತ್ರ ಬ್ಯಾಡ.”

“ಛೆ, ಛೆ, ನಂಬಿಗಿ ಮುಖ್ಯರಿ,” ಎಂದ ಭರಮಪ್ಪ.

ಚೀಲಗಳು ಬದಲಾದವು. ಗೋಣಿಯೊಳಗೆ ತಂತಿ ಕೈಗೆ ತಾಗಿತು. ಪಂಜರ ಸಮೇತ ಕೊಟ್ಟನಲ್ಲ, ಎಂಥ ಧಾರಾಳಿ ಎಂದುಕೊಂಡ ಹುಲಗೇಶ. ತೂಕವೂ ಚೆನ್ನಾಗಿತ್ತು. ಭರಮಪ್ಪ ಮನಸ್ಸು ಬದಲಿಸುವ ಮೊದಲೇ ಹುಲಗೇಶ ಮುಂದಿನ ನಿಲುಗಡೆಯಲ್ಲಿ ಇಳಿದುಬಿಟ್ಟ. ತಿರುಗಿ ನೋಡಿದರೆ ಭರಮಪ್ಪ ಕಿಟಕಿಯ ಗಾಜು ಎಳೆದುಕೊಳ್ಳುತ್ತಿದ್ದ.

ಆ ಹಳ್ಳಿಯಿಂದ ಮರಳಿ ಬರುವ ಬಸ್ಸು ಸಿಕ್ಕಾಗ ಹೊತ್ತು ಇಳಿದಿತ್ತು. ಈ ಸಲ ಕಂಡಕ್ಟರ್ ಕೇಳುವ ಮೊದಲೇ ಹುಲಗೇಶ ಹೆಮ್ಮೆಯಿಂದ ಕೋಳಿಗೆ ಟಿಕೆಟ್ ಕೇಳಿ ಪಡೆದ.

ಮನೆಯ ಮುಂದೆ ಗುಲ್ನಾರ ನಿಂತಿದ್ದಳು. ಹಿಂದೆ ಅರ್ಧ ಓಣಿ.

“ಅಣ್ಣಾ, ಒಂದ ಮಾತು—”

“ನೀ ಏನೂ ಹೇಳಬ್ಯಾಡ!” ಹುಲಗೇಶ ಟಿಕೆಟ್ ಎತ್ತಿ ಹಿಡಿದ. “ಕಳವಿನ ಕೋಳಿಗೆ ಯಾರಾದ್ರೂ ಟಿಕೆಟ್ ತಗಸ್ತಾರೇನು? ಬರ್ರಿ ಎಲ್ಲಾರೂ ಹಿತ್ತಲಕ್ಕ!”

“ಅಲ್ಲೋ ಅಣ್ಣಾ, ನಾ ಹೇಳೋದು—”

“ಮೊದಲ ನೋಡು, ಆಮ್ಯಾಲ ಹೇಳು.”

ಕೋಳಿಗೂಡಿನ ಮುಂದೆ ಕುಳಿತು ಗೋಣಿಯ ಬಾಯಿ ಬಿಚ್ಚಿದ. ನೆರೆದವರ ಮುಖ ನೋಡುತ್ತಲೇ ಒಳಗೆ ಕೈಹಾಕಿ ಪಂಜರದ ಕೊಂಡಿ ತೆಗೆದ. “ಬಾ ನನ್ನಪ್ಪಾ, ಹುಂಜರಾಯಾ!”

ಹುಂಜರಾಯ ಬಂದ. ಬೂದು ಬಣ್ಣ, ಉದ್ದ ಬಾಲ. ಹುಲಗೇಶನ ತೋಳಿನ ಮೇಲೆ ಓಡಿ, ಹೆಗಲಿನಿಂದ ನೆಗೆದು, ನೇರವಾಗಿ ಕೋಳಿಗೂಡಿನ ಕೆಳಗಿನ ಬಿಲಕ್ಕೆ ಇಳಿದುಹೋದ. ಗೂಡಿನ ಕೋಳಿಗಳೆಲ್ಲ ಒಮ್ಮೆಲೇ ಕೂಗಿಕೊಂಡವು.

ವಿದ್ಯಾಶ್ರೀ ಹಣೆ ಚಚ್ಚಿಕೊಂಡಳು. “ಅಯ್ಯ ಶಿವನ! ಮುಂಜಾನೆ ಒಯ್ದದ್ದು ಇಷ್ಟ ದಪ್ಪ ಇರಲಿಲ್ಲಲ್ರೀ!”

ಗುಲ್ನಾರ ಬಿಲವನ್ನು ನೋಡಿದಳು, ಹುಲಗೇಶನ ಕೈಯಲ್ಲಿನ ಟಿಕೆಟ್ಟನ್ನು ನೋಡಿದಳು.

“ನನ್ನ ಹ್ಯಾಟಿ ಮಧ್ಯಾಹ್ನಾನ ಸಿಕ್ತು, ಅಣ್ಣಾ. ಕಟಗಿ ಒಟ್ಟಿಲ ಹಿಂದ ಕಾವಿಗೆ ಕುಂತಿತ್ತು. ತಪ್ಪಾತು ಅಂತ ಹೇಳಾಕ ಬಂದಿದ್ದೆ,” ಎಂದಳು. ಆಮೇಲೆ ಓಣಿಯವರತ್ತ ತಿರುಗಿದಳು. “ಈಗ ಗೊತ್ತಾತಲ್ಲ, ನಮ್ಮ ಓಣಿಗೆ ಹೆಗ್ಗಣ ಎಲ್ಲಿಂದ ಬರ್ತಾವಂತ? ಇಂವಾ ಟಿಕೆಟ್ ತಗಸಿ ಕರಕೊಂಡ ಬರಾಕತ್ತಾನ!”