ಪೆಟ್ಟಿಗೆ ಬಿಚ್ಚಿ ನೋಡದ ಸಂಬಂಧ

ಅಂಬಾರಾಯ: ಬೀಗರಾಗೋ ಮನುಷ್ಯಾನ್ನ ಬಾಗಲದಾಗೇ ನಿಂದ್ರಿಸಿ ಕಳಿಸಿದೇನು?

ಶಿವಕಾಂತಮ್ಮ: ನೀರು ಕೊಟ್ಟೀನ್ರಿ, ಬೆಲ್ಲನೂ ಕೊಟ್ಟೀನಿ. ಒಳಗ ಬಿಟ್ಟಿಲ್ಲ, ಅಷ್ಟೇ. ನೀವೇ ಹೇಳಿದ್ರಲ್ಲ?

ಅಂಬಾರಾಯ: ನಾ ಹೇಳಿದ್ದು ಮಾರಾಕ ಬರೋರಿಗೆ.

ರಾವೂರಿನ ಕಲ್ಲುಗಣಿಯ ಗುಮಾಸ್ತ ಅಂಬಾರಾಯನಿಗೆ ತಲೆಯ ರುಮಾಲು ಬಿಚ್ಚಲೂ ಪುರಸೊತ್ತಿರಲಿಲ್ಲ. ಸೇಡಂನ ಸೂಗಪ್ಪ ತನ್ನ ಮಗನಿಗೆ ಹೆಣ್ಣು ಕೇಳಲು ಬಂದು ಹಾಗೇ ಮರಳಿದ ಸುದ್ದಿಯನ್ನು ಟಾಂಗಾ ಹೊಡೆಯುವ ಅಮೀರ್ ಅಲಿ ದಾರಿಯಲ್ಲೇ ಹೇಳಿದ್ದ. ಮಗಳು ಭಾಗಮ್ಮನಿಗೆ ಎರಡು ವರ್ಷ ಹುಡುಕಿದರೂ ಸಿಗದ ಸಂಬಂಧ ತಾನಾಗಿ ಬಾಗಿಲಿಗೆ ಬಂದಿತ್ತು. ಸಿಟ್ಟು ಬಾರದೆ ಇದ್ದೀತೆ?

ಆದರೆ ಹೆಂಡತಿಗೆ ಪಾಠ ಹೇಳಿದ್ದವನೂ ಅವನೇ. ಕಳೆದ ದೀಪಾವಳಿಗೆ ಟೈ ಕಟ್ಟಿದವನೊಬ್ಬ ಮನೆಗೆ ಬಂದು, ಹೊಸ ನಮೂನೆಯ ಸ್ಟೋವ್ ಹಚ್ಚಿ ಚಹಾ ಕಾಸಿ ಕುಡಿಸಿದ. ನಿಮ್ಮ ಸಲುವಾಗಿ ಬೆಲೆ ಇಳಿಸಿದ್ದೇನೆ, ನಾಳೆ ಏರುತ್ತದೆಂದು ಅವಸರ ಮಾಡಿ, ಮುಂಗಡ ಇಸಿದುಕೊಂಡು, ಮೊಳೆ ಹೊಡೆದ ಪೆಟ್ಟಿಗೆ ಇಟ್ಟು ಹೋದ. ಬಿಚ್ಚಿದರೆ ಹುಲ್ಲಿನ ನಡುವೆ ನೆಲಕ್ಕೆ ಹಾಸುವ ಚೌಕಾಕಾರದ ಫರಸಿ ಕಲ್ಲು. ದಿನವಿಡೀ ಕಲ್ಲು ಎಣಿಸುವವನು ರೊಕ್ಕ ಕೊಟ್ಟು ಕಲ್ಲು ಕೊಂಡನೆಂದು ಊರು ತಿಂಗಳುಗಟ್ಟಲೆ ನಕ್ಕಿತು. ಮಾಲು ನೋಡದೆ ನಂಬಬೇಡ, ಮುಂಗಡ ಕೇಳಿದರೆ, ಅವಸರ ಮಾಡಿದರೆ ಬಾಗಿಲು ಹಾಕು ಎಂದು ಅಂದಿನಿಂದ ಹೆಂಡತಿಗೆ ಬಾಯಿಪಾಠ ಮಾಡಿಸಿದ್ದ.

ಶಿವಕಾಂತಮ್ಮ: ಇವರೂ ಮೊದಲು ನಮ್ಮ ಮನಿ ಹೊಗಳಿದ್ರು. ಆಮ್ಯಾಲ ಹುಡುಗನ್ನ ಹೊಗಳಿದ್ರು.

ಅಂಬಾರಾಯ: ಹೆತ್ತ ಮಗನ್ನ ಹೊಗಳದೆ ಬೈತಾರೇನು?

ಶಿವಕಾಂತಮ್ಮ: ಹುಡುಗ ಎಲ್ಲಿ ಅಂದೆ. ಹೈದರಾಬಾದಿನಾಗ ಅದಾನ, ರಜಾ ಇಲ್ಲ ಅಂದ್ರು. ಫೋಟೋ ಕೇಳಿದ್ರ ಇನ್ನ ತೆಗಿಸಬೇಕಂತ.

ಅಂಬಾರಾಯ: ದೊಡ್ಡ ನೌಕರಿ ಇರಬೇಕು.

ಶಿವಕಾಂತಮ್ಮ: ಯಾವ ನೌಕರಿ ಅಂದ್ರ, ‘ಭಾಳ ಮ್ಯಾಲಿಂದು’ ಅಂದ್ರು.

ಅಂಬಾರಾಯ ಈಗ ರುಮಾಲು ಬಿಚ್ಚಿ ಕುಳಿತ.

ಅಂಬಾರಾಯ: ಮತ್ತ?

ಶಿವಕಾಂತಮ್ಮ: ಮಾತು ಪಕ್ಕಾ ಆಗ್ಲಿಕ್ಕ ಒಂದು ಉಂಗುರ, ಒಂದು ಗಡಿಯಾರ ಮುಂಚೇನೇ ಕೊಡಬೇಕಂತ. ಇವತ್ತೇ. ಚಿತ್ತಾಪುರದಾಗ ಇನ್ನೊಂದು ಹೆಣ್ಣಿನವರು ಕಾಯಲಿಕತ್ತಾರಂತ.

ಅಂಬಾರಾಯನ ಸಿಟ್ಟು ಇಳಿಯಿತು. ಅದು ಇಳಿದ ಜಾಗದಲ್ಲಿ ಹೆಣ್ಣು ಹೆತ್ತವನ ಭಯ ಬಂದು ಕುಳಿತಿತು.

ಅಂಬಾರಾಯ: ಇವರನ್ನೂ ಬಿಟ್ರ ಇನ್ಯಾರು ಬರ್ತಾರ ನಮ್ಮ ಬಾಗಲಿಗೆ?

ಶಿವಕಾಂತಮ್ಮ: ನನಗೂ ಅದೇ ಸಂಕಟ ಅದರಿ. ಆದ್ರ ಅವತ್ತು ಕಲ್ಲು ಬಂತು, ಅದರ ಮ್ಯಾಲ ಅರಿವಿ ಒಗೀಲಿಕತ್ತೀನಿ. ಅಂಥಾ ಅಳಿಯ ಬಂದ್ರ ಎಲ್ಲಿ ಹಾಕ್ಲಿ?

ಅಷ್ಟರಲ್ಲಿ ಬಾಗಿಲು ಸಪ್ಪಳವಾಯಿತು. ಸೂಗಪ್ಪನೇ ಮರಳಿ ಬಂದಿದ್ದ.

ಸೂಗಪ್ಪ: ಯಜಮಾನ್ರು ಸಿಕ್ರಲ್ಲ, ಛಲೋ ಆಯ್ತು. ಚಿತ್ತಾಪುರದವರಿಗೆ ಬ್ಯಾಡ ಅಂದೀನಿ. ನಿಮ್ಮ ಸಲುವಾಗಿ ಗಡಿಯಾರನೂ ಬಿಟ್ಟೆ. ಬರೇ ಉಂಗುರ ಆದ್ರೂ ನಡೀತದ.

ಬೆಲೆ ಇಳಿಸುವ ಈ ದನಿಯನ್ನು ಅಂಬಾರಾಯ ದೀಪಾವಳಿಯಲ್ಲಿ ಸ್ಟೋವಿನವನ ಚಹಾ ಕುಡಿಯುತ್ತ ಕೇಳಿದ್ದ. ಎದ್ದು ಹೋಗಿ ಬಾಗಿಲಿಗೆ ಕೈ ಅಡ್ಡ ಇಟ್ಟ.

ಅಂಬಾರಾಯ: ನೀರು ಕುಡೀರಿ, ಬೆಲ್ಲ ತಿನ್ರಿ. ಹುಡುಗನ್ನ ಕರಕೊಂಡು ಬಂದ ದಿನ ಒಳಗ ಬರ್ರಿ.

ಸೂಗಪ್ಪ: ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?

ಅಂಬಾರಾಯ: ನಿಮ್ಮ ಮ್ಯಾಲ ಭಾಳ ನಂಬಿಕಿ ಬರಲಿಕತ್ತದ. ನನ್ನ ಮ್ಯಾಲೇ ನನಗ ನಂಬಿಕಿ ಇಲ್ರಿ.