ಬಿರುಗಾಳಿ ಮತ್ತು ಹುಗ್ಗಿ ಬಕೆಟ್ಟು

ಬನವಾಸಿಯಲ್ಲಿ ಅಣ್ಣನ ಹೊಸ ಮನೆಯ ಗೃಹಪ್ರವೇಶ. ಹೊರಡುವ ಮುಂಚೆ ಶರಣ ಕನ್ನಡಿಯ ಎದುರು ನಿಂತು ಘೋಷಿಸಿದ: "ಗಂಗಾ, ಇವತ್ತು ಇತಿಹಾಸ ನಿರ್ಮಾಣ ಆಗತೈತಿ ನೋಡು!"

"ಮೊದಲ ಅಂಗಿ ಗುಂಡಿ ಹಾಕ್ಕೊಳ್ರಿ," ಎಂದಳು ಹೆಂಡತಿ ಗಂಗಾಂಬಿಕಾ.

ಶಿರಸಿಯಲ್ಲಿ ಬಣ್ಣದ ಅಂಗಡಿ ಇಟ್ಟಿರುವ ಶರಣ ಜನ್ಮದಲ್ಲಿ ಹಾಕಿ ಕೋಲು ಮುಟ್ಟಿದವನಲ್ಲ. ಮಂಜುಗಡ್ಡೆ ಕಂಡಿದ್ದು ಕಬ್ಬಿನಹಾಲಿನ ಲೋಟದಲ್ಲಿ ಮಾತ್ರ. ಆದರೂ ಮಂಜುಗಡ್ಡೆಯ ಮೇಲಿನ ಹಾಕಿಯಲ್ಲಿ ಅವನದು ಜಗದ್ವಿಖ್ಯಾತ ಹೆಸರು! ಜಗತ್ತು ಎಂದರೆ ಇಂಟರ್ನೆಟ್ಟಿನಲ್ಲಿ ನಡೆಯುವ ಒಂದು ಲೀಗು. ಅಲ್ಲಿ ಪ್ರತಿಯೊಬ್ಬರೂ ಒಬ್ಬ ಕಾಲ್ಪನಿಕ ಆಟಗಾರನನ್ನು ಹುಟ್ಟಿಸಿ, ತರಬೇತಿ ಕೊಟ್ಟು, ಪಂದ್ಯಕ್ಕೆ ಮುಂಚೆ ಹೇಗೆ ಆಡಬೇಕೆಂದು ಆದೇಶ ಕೊಡಬೇಕು. ಹಾಗೆ ಹಲವರ ಆಟಗಾರರು ಸೇರಿ ಒಂದು ತಂಡ. ಆಮೇಲೆ ಆಡಿಸುವುದೆಲ್ಲ ಕಂಪ್ಯೂಟರು. ಆಟ ಒಂದೊಂದೇ ಸಾಲಾಗಿ ಪರದೆಯ ಮೇಲೆ ಬರುತ್ತದೆ.

ಶರಣನ ಫಾರ್ವರ್ಡ್ ಆಟಗಾರನ ಹೆಸರು 'ಬನವಾಸಿ ಬಿರುಗಾಳಿ'. ಹೋರಿ ಹಬ್ಬದಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡು ಯಾರ ಕೈಗೂ ಸಿಗದೆ ಓಡುತ್ತಿದ್ದ ಅಜ್ಜನ ಹೋರಿಯ ಹೆಸರದು. ಆಟಗಾರನದೂ ಅದೇ ಸ್ವಭಾವ. ಪಕ್ ಎಂಬ ಆ ಕರಿ ಬಿಲ್ಲೆ ಕೋಲಿಗೆ ಸಿಕ್ಕಿತೋ, ತಲೆ ತಗ್ಗಿಸಿ ನೆಟ್ಟಗೆ ಗೋಲಿಗೆ! ಜೊತೆಯವರು ಕೈ ಎತ್ತಿ ಕರೆದರೂ ಕೊಡುವವನಲ್ಲ. ಹತ್ತು ಸೀಸನ್ನು ಆಡಿದ್ದ, ಒಂದರಲ್ಲೂ ಮೂವತ್ತು ಗೋಲಿಗೆ ಕಡಿಮೆಯಿಲ್ಲ. ತಂಡ ಮಾತ್ರ ಒಮ್ಮೆಯೂ ಕಪ್ ಗೆದ್ದಿರಲಿಲ್ಲ. ಅದು ತಂಡದ ಹಣೆಬರಹ ಎಂದು ಶರಣ ಕೈ ತೊಳೆದುಕೊಂಡಿದ್ದ.

ಆ ಲೀಗಿನಲ್ಲಿ ಆಟಗಾರರಿಗೆ ವಯಸ್ಸೂ ಆಗುತ್ತದೆ. ಬಿರುಗಾಳಿಯ ಕಾಲು ಸೋತಿತ್ತು. ಇವತ್ತಿನ ಫೈನಲ್ಲೇ ಅವನ ಕೊನೆಯ ಪಂದ್ಯ. ಇನ್ನೆರಡು ಗೋಲು ಹೊಡೆದರೆ ಲೀಗಿನ ಸಾರ್ವಕಾಲಿಕ ದಾಖಲೆ ಅವನದು. ಹೊಡೆಯದಿದ್ದರೆ ಶಾಶ್ವತವಾಗಿ ಎರಡನೇ ಸ್ಥಾನ!

ಬನವಾಸಿಯಲ್ಲಿ ಅವ್ವ ಗಿರಿಜವ್ವ ಬಾಗಿಲಲ್ಲೇ ಹಿಡಿದಳು. "ದೋತ್ರ ಉಟ್ಕೊ. ಹುಗ್ಗಿ ಬಡಸೋದು ನಿಂದ. ಸುರು ಮಾಡಿದ ಮ್ಯಾಲ ಕಡೀ ಎಲಿ ತನಕ ಹೋಗಬೇಕು. ನಡುವ ತಿರುಗಿ ಬರಬ್ಯಾಡ."

ದೋತ್ರಕ್ಕೆ ಜೇಬಿಲ್ಲ! ಎದುರಾಳಿಗಳ ಪಟ್ಟಿ ಬರುವ ತನಕ ಆದೇಶ ಕೊಡುವಂತಿಲ್ಲ. ಪಟ್ಟಿ ಬರುವುದೂ ಪಂಕ್ತಿ ಕೂರುವುದೂ ಒಂದೇ ಹೊತ್ತಿಗೆ! ಬೇರೆ ದಾರಿ ಕಾಣದೆ ಶರಣ ಫೋನನ್ನು ಗಂಗಾಳ ಕೈಗಿಟ್ಟ.

"ಎರಡ ಗೆರಿ ಅದಾವು ನೋಡು. 'ತಾನೇ ಹೊಡೆ' ಅನ್ನೋದನ್ನ ತುದೀ ತನಕ ಎಳಿ. 'ಪಕ್ಕದವರಿಗೆ ಕೊಡು' ಅನ್ನೋದನ್ನ ಸೊನ್ನಿಗೆ ತಾ. ತಪ್ಪಿದ್ರ ನನ್ನ ಜೀವನಾನ ಹೋತು!"

"ಮದುವಿ ಆದಾಗಿಂದ ಇದನ್ನ ಕೇಳಾಕತ್ತೀನಿ. ಗೊತ್ತೈತಿ, ಹೋಗ್ರಿ."

ಊಟದ ಸಿಹಿ ಎಂದರೆ ಗೋದಿ ಹುಗ್ಗಿ. ಅದನ್ನು ಬಡಿಸುವುದೆಂದರೆ ಸಾಮಾನ್ಯ ಗೌರವವೇ! ಪಂಕ್ತಿಯ ಮೊದಲಲ್ಲೇ ಊರಿನ ಹಿರಿಯರು. "ಏನ್ ಧಾರಾಳ ಕೈಯಪಾ ಶರಣ!" ಎಂದರು ಒಬ್ಬರು. ಶರಣ ಉಬ್ಬಿದ. ಅವರಿಗೆ ಇನ್ನೊಂದು ಸೌಟು, ಪಕ್ಕದವರಿಗೆ ಎರಡು. ನಡುವಿಗೆ ಬರುವಷ್ಟರಲ್ಲಿ ಬಕೆಟ್ಟು ಖಾಲಿ! ತುಂಬಿಸಿಕೊಂಡು ಬಂದ, ಮತ್ತೆ ಹಿರಿಯರು, ಮತ್ತೆ ಹೊಗಳಿಕೆ, ಮತ್ತೆ ಖಾಲಿ.

ಕೊನೆಯ ಎಲೆಗೆ ಕೂತಿದ್ದವರು ಗಂಗಾಳ ಸೋದರಮಾವ ಮಂಜಪ್ಪ. ಬೆಳಗಿನ ಬಸ್ಸಿಗೆ ಸಿದ್ದಾಪುರದಿಂದ ಬಂದವರು. ಹಿಂದೊಮ್ಮೆ ಯಾವುದೋ ಮದುವೆಯಲ್ಲಿ ತಾಂಬೂಲ ತಪ್ಪಿತೆಂದು ವರ್ಷಗಟ್ಟಲೆ ಮಾತು ಬಿಟ್ಟಿದ್ದ ಆಸಾಮಿ! ಅವರ ಎಲೆಯಲ್ಲಿ ಹುಗ್ಗಿಯ ಜಾಗ ಬೋಳು. ತುಪ್ಪದವನು ಬಂದ, ಯಾವುದರ ಮೇಲೆ ಹಾಕಲಿ ಎಂದು ತಿಳಿಯದೆ ಮಿಳ್ಳಿ ಹಿಡಿದು ನಿಂತ. ಮಂಜಪ್ಪ ಎಲೆಯ ಅಂಚು ಹಿಡಿದರು. ಮಡಚಿ ಎದ್ದರೆ ಮುಗಿಯಿತು, ಎರಡು ಮನೆಗಳ ನಡುವೆ ಬಾಗಿಲು ಬಂದ್!

"ಬಂತು ಮಾಮಾ, ಹುಗ್ಗಿ ಬಂತು!" ಗಂಗಾ ಅಂಗಲಾಚುತ್ತಿದ್ದಳು. ಅವಳು ಗಂಡನತ್ತ ಒಮ್ಮೆ ನೋಡಿ, ಫೋನಿನ ಮೇಲೆ ಬೆರಳು ಎಳೆದದ್ದು ಶರಣನಿಗೆ ದೂರದಿಂದಲೇ ಕಂಡಿತು. "ಆತಾ?" ಎಂದು ಕಣ್ಣಲ್ಲೇ ಕೇಳಿದ. "ಆತು" ಎಂದು ಅವಳು ತಲೆಯಾಡಿಸಿದಳು. ಅದರಲ್ಲಿದ್ದ ಖಾರ ಅವನಿಗೆ ತಿಳಿಯಲಿಲ್ಲ.

ಪಂದ್ಯ ಶುರುವಾಗಿತ್ತು. ಶರಣನಿಗೆ ಇನ್ನು ತಡೆಯಲಾಗಲಿಲ್ಲ. ತುಂಬಿದ ಬಕೆಟ್ಟು ಹಿಡಿದು, ಹಿರಿಯರು ಕರೆದರೂ ಕೇಳದೆ, ಸೀದಾ ಪಂಕ್ತಿಯ ತುದಿಗೆ, ಫೋನಿನ ಬಳಿಗೆ ಓಡಿದ!

'ಬಿರುಗಾಳಿ ಪಕ್ ಹಿಡಿದ. ಗೋಲಿನ ಮುಂದೆ ಅವನೊಬ್ಬನೇ...' ಶರಣ ಉಸಿರು ಹಿಡಿದ. '...ಪಕ್ಕದವನಿಗೆ ಕೊಟ್ಟ.'

"ಕೊಟ್ನಾ?!" ಎಂದ ಶರಣ. ಕಣ್ಣು ಫೋನಿನ ಮೇಲೆ ಇದ್ದಂತೆಯೇ ಒಂದು ಸೌಟು ಹುಗ್ಗಿ ಮಂಜಪ್ಪನವರ ಎಲೆಗೆ ಬಿತ್ತು. ಅವರು ಎಲೆಯ ಅಂಚು ಬಿಟ್ಟರು.

'ಬಿರುಗಾಳಿ ಮತ್ತೆ ಕೊಟ್ಟ. ಗೋಲು!' ಹೊಡೆದವನು ಬೇರೆ ಯಾರೋ. ಇನ್ನೊಂದು ಸೌಟು. "ಏನ್ ಒತ್ತಿದಿ ನೀನು?" ಎಂದು ಶರಣ ಹಲ್ಲು ಕಚ್ಚಿದ.

"ಪಕ್ಕದವರಿಗೆ ಕೊಡು ಅನ್ನೋದನ್ನ ತುದೀ ತನಕ ಎಳದೆ. ಕಡೀ ಎಲಿ ಕಡೆ ನೀವಂತೂ ನೋಡಲಿಲ್ಲ. ಅವನರ ನೋಡ್ಲಿ!"

ಪಂದ್ಯ ಶುರುವಾದ ಮೇಲೆ ಆದೇಶ ಬದಲಿಸುವಂತಿಲ್ಲ! ಎರಡು-ಎರಡು ಸಮ. ಕೊನೆಯ ನಿಮಿಷ. ಸಾಲು ಮೂಡುತ್ತಿದೆ, ಸೌಟು ತಾನಾಗಿಯೇ ಏಳುತ್ತಿದೆ, ಬೀಳುತ್ತಿದೆ. 'ಬಿರುಗಾಳಿಯ ಸುತ್ತ ಮೂವರು... ಮೂಲೆಯಲ್ಲಿದ್ದವನಿಗೆ ಕೊಟ್ಟ...' ಆ ಮೂಲೆಯವನು ಫಿನ್ಲೆಂಡಿನ ಒಬ್ಬ ನಿವೃತ್ತ ಮಾಸ್ತರರ ಆಟಗಾರ. ಮೂರು ಸೀಸನ್ನಿನಿಂದ ಒಂದು ಗೋಲು ಕಂಡವನಲ್ಲ!

'ಗೋಲು! ಕಪ್ ಗೆದ್ದರು!'

"ಸಾಕ್ರೀ ಅಳಿಯಂದ್ರ!" ಎಂದು ಮಂಜಪ್ಪ ಎರಡೂ ಕೈ ಅಡ್ಡ ಹಿಡಿದರು. ಎಲೆಯ ಮೇಲೆ ಹುಗ್ಗಿಯ ಗುಡ್ಡವೇ ಎದ್ದಿತ್ತು. "ಗಂಗಾ, ನಿನ್ನ ಗಂಡ ದಾನಶೂರ ಕರ್ಣ ಬಿಡವ್ವ!"

ಬಿರುಗಾಳಿಯ ಗೋಲು ಸೊನ್ನೆ. ದಾಖಲೆ ಹೋಯಿತು. ಬಡಿಸಿದವರು ಉಣ್ಣುವ ಹೊತ್ತಿಗೆ ಹುಗ್ಗಿಯೂ ಹೋಗಿತ್ತು. ಶರಣ ಬರೀ ಮಜ್ಜಿಗೆ ಅನ್ನ ಕಲಸುತ್ತಾ ಫೋನು ತೆರೆದ. ಮಾಸ್ತರರು ಬರೆದಿದ್ದರು: 'ಮೂರು ಸೀಸನ್ನಿನಿಂದ ನಿನಗೆ ಕೈ ಎತ್ತುತ್ತಿದ್ದೆ. ಇವತ್ತು ನೀನು ಪಕ್ ಕೊಟ್ಟೆ. ನಾನು ನನ್ನ ಹೆಂಡತಿಯನ್ನು ಕರೆದು ಆ ಗೋಲು ತೋರಿಸಿದೆ.' ಓದಿ ಶರಣನಿಗೆ ನಾಚಿಕೆಯಾಯಿತು. 'ಎಲ್ಲಾ ನನ್ನದೇ ಉಪಾಯ' ಎಂದು ಬರೆಯಲು ಹೊರಟವನು ಬೆನ್ನ ಹಿಂದೆ ಬಳೆ ಸದ್ದು ಕೇಳಿ ಅಳಿಸಿದ. 'ಆದೇಶ ಕೊಟ್ಟವಳು ನನ್ನ ಹೆಂಡತಿ' ಎಂದು ಬರೆದ.

ಮಜ್ಜಿಗೆ ಅನ್ನ ಮುಗಿಯುವುದರೊಳಗೆ ತಂಡ ಒಕ್ಕೊರಲಿನಿಂದ ತೀರ್ಮಾನಿಸಿತ್ತು: ಮುಂದಿನ ಸೀಸನ್ನಿಗೆ ಕೋಚು, ಗಂಗಾಂಬಿಕಾ!

ಶಿರಸಿಗೆ ಬಂದವನೇ ಶರಣ ಹಟ ತೊಟ್ಟು ಹೊಸ ಫಾರ್ವರ್ಡ್ ಹುಟ್ಟಿಸಿದ. ಹೆಸರು 'ಬಿರುಗಾಳಿ ಎರಡು'. ಗಂಗಾ ಕನ್ನಡಕ ಏರಿಸಿ ಕೋಚಿನ ಮೊದಲ ಆದೇಶ ಹೊರಡಿಸಿದಳು: ಹೊಸಬ ಇಡೀ ಸೀಸನ್ನು ಬೆಂಚಿನ ಮೇಲೆ!

"ಬೆಂಚಿನ ಮ್ಯಾಲ? ನನ್ನ ಬಿರುಗಾಳಿ? ಅಂವ ಅಲ್ಲಿ ಕುಂತು ಏನ್ ಮಾಡಬೇಕು?"

"ಮೊದಲ ನೀರು ಬಡಸೋದು ಕಲೀಲಿ ರೀ," ಎಂದಳು ಗಂಗಾ. "ಹುಗ್ಗಿ ಆಮ್ಯಾಲ."