ದಾಸ್ತಾನು ಸಂಖ್ಯೆ ನಲವತ್ತೊಂದು

ನಮ್ಮ ಉಪಕರಣ ಉಗ್ರಾಣದಲ್ಲಿ ನಲವತ್ತು ಗಾಲಿಕುರ್ಚಿಗಳಿದ್ದು, ಒಂಬತ್ತು ವರ್ಷಗಳಲ್ಲಿ ಅವುಗಳ ಪೈಕಿ ಒಂದರ ಮೇಲೂ ಯಾವ ರೋಗಿಯೂ ಕುಳಿತಿರಲಿಲ್ಲ ಎಂಬುದನ್ನು ಆರೋಗ್ಯ ಮತ್ತು ಜನಸೇವಾ ಇಲಾಖೆಯ ಪರವಾಗಿ ಹೆಮ್ಮೆಯಿಂದ ದಾಖಲಿಸುತ್ತೇನೆ. ಬೇರೆ ಉಗ್ರಾಣಗಳ ಅವಸ್ಥೆ ಹೇಳುವುದೇ ಬೇಡ. ಗಾಲಿ ಸವೆದಿರುತ್ತದೆ, ಸೀಟು ಹರಿದಿರುತ್ತದೆ. ಕಾರಣ ಕೇಳಿದರೆ ಅಲ್ಲಿನವರು ನಾಚಿಕೆಯಿಲ್ಲದೆ ‘ಜನ ಬಳಸಿದರು’ ಎನ್ನುತ್ತಾರೆ. ನಮ್ಮಲ್ಲಿ ಅಂಥ ಅಚಾತುರ್ಯ ನಡೆದಿಲ್ಲ. ಕಾರ್ಖಾನೆಯವರು ಸುತ್ತಿ ಕಳಿಸಿದ ಪ್ಲಾಸ್ಟಿಕ್ ಇಂದಿಗೂ ಹಾಗೇ ಇದೆ. ಇದರ ಶ್ರೇಯಸ್ಸೆಲ್ಲ ನಮ್ಮ ಸ್ಟೋರ್ ಕೀಪರಿಗೆ ಸಲ್ಲಬೇಕು. ವಾರಕ್ಕೊಮ್ಮೆ ನಲವತ್ತನ್ನೂ ಒಣಬಟ್ಟೆಯಲ್ಲಿ ಒರೆಸುತ್ತಾರೆ. ಸ್ವತಃ ಮಂಡಿನೋವಿನ ಮನುಷ್ಯ, ಆದರೂ ಏಳುವಾಗ ಗೋಡೆ ಹಿಡಿದು ಏಳುತ್ತಾರೆಯೇ ಹೊರತು ಕುರ್ಚಿಯ ಕೈ ಮುಟ್ಟಿದವರಲ್ಲ.

ನಾನು ಅದೇ ಕಚೇರಿಯ ಗುಮಾಸ್ತ. ವಾರ್ಷಿಕ ವರದಿ ಬರೆಯುವುದು ನನ್ನ ಕೆಲಸ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ನನ್ನ ಸ್ವಂತದ್ದೇನೂ ಇಲ್ಲ.

ಕಳೆದ ವರ್ಷ ಒಬ್ಬ ದರ್ಜಿ ಹೆಣ್ಣುಮಗಳು ಗಾಲಿಕುರ್ಚಿಗೆ ಅರ್ಜಿ ಹಿಡಿದು ಬಂದಳು. ಕುರ್ಚಿ ಬೇಕಾಗಿದ್ದು ಅವಳ ತಾಯಿಗೆ. ಆ ತಾಯಿ ನಲವತ್ತು ವರ್ಷ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಕೂತು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದವರು, ಬೀದಿಯವರ ಬಾಯಲ್ಲಿ ಕಾಜಾ ಅಜ್ಜಿ. ಬಚ್ಚಲಲ್ಲಿ ಜಾರಿ ಬಲಗಡೆ ಸೊಂಟ ಮುರಿದುಕೊಂಡ ಮೇಲೆ ಹಿಂದಿನ ಕೋಣೆಯೇ ಗತಿಯಾಗಿತ್ತು. ಆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ.

“ಏಳು ತಿಂಗಳಿಂದ ಗೋಡೆ ನೋಡ್ಕೊಂಡೇ ಇದ್ದಾಳೆ ಸಾರ್,” ಎಂದಳು ಮಗಳು. “ಅದಕ್ಕೆ ಮುಂಚೆ ಮೂರು ತಿಂಗಳು ನಾನೇ ಬೆನ್ನ ಮೇಲೆ ಹೊತ್ಕೊಂಡು ಅಂಗಡಿಗೆ ಕರ್ಕೊಂಡು ಹೋದೆ. ಈಗ ನನ್ನ ಬೆನ್ನೂ ಕೈ ಕೊಟ್ಟಿದೆ. ಬಾಗಿಲಲ್ಲಿ ಕೂತ್ರೆ ನಾಲ್ಕು ಜನರ ಮುಖ ನೋಡ್ತಾಳೆ. ಅವಳು ಕೇಳೋದು ಅಷ್ಟೇ.”

ಒಂಬತ್ತೇ ದಿನದಲ್ಲಿ ಕುರ್ಚಿ ಮಂಜೂರಾಯಿತು. ನಮ್ಮ ಇಲಾಖೆ ಆಮೆಗತಿಯದು ಎಂದು ಬಾಯಿಗೆ ಬಂದಂತೆ ಆಡಿಕೊಳ್ಳುವವರು ದಯವಿಟ್ಟು ಗಮನಿಸಬೇಕು.

ಮಂಜೂರಾತಿ ಪತ್ರ ತೋರಿಸಿದಾಗ ಸ್ಟೋರ್ ಕೀಪರ್ ಎದ್ದು ನಿಂತು ಅಭಿನಂದಿಸಿದರು.

“ನನ್ನದೇನೂ ಅಭ್ಯಂತರ ಇಲ್ಲಮ್ಮ. ಹದಿನಾಲ್ಕನೇ ನಿಯಮ ಒಂದು ಓದ್ಕೊಂಡು ಸಹಿ ಹಾಕಿ, ತಗೊಂಡು ಹೋಗಿ.”

ಹದಿನಾಲ್ಕನೇ ನಿಯಮ ಇಷ್ಟೇ: ‘ಎರವಲು ಪಡೆದ ಉಪಕರಣವನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸತಕ್ಕದ್ದು.’

“ಹಾಗೇ ವಾಪಸ್ ಕೊಡ್ತೀನಿ ಸಾರ್.”

“ಈಗ ಇದರ ಗಾಲಿ ನೆಲ ಮುಟ್ಟಿಲ್ಲ ನೋಡಿ, ಹಲಗೆ ಮೇಲಿದೆ. ವಾಪಸ್ ತರುವಾಗ್ಲೂ ನೆಲ ಮುಟ್ಟಿರಬಾರದು.”

“ನೆಲ ಮುಟ್ಟದೆ ಗಾಲಿ ಹೇಗೆ ಸಾರ್ ಉರುಳೋದು?”

“ಉರುಳಿಸೋದು ಬಿಡೋದು ನಿಮಗೆ ಸೇರಿದ್ದು. ಫಲಾನುಭವಿಗಳ ಸ್ವಾತಂತ್ರ್ಯಕ್ಕೆ ಇಲಾಖೆ ಅಡ್ಡ ಬರೋದಿಲ್ಲ.”

“ಹಾಗಾದ್ರೆ ಅಮ್ಮನ ಜೊತೆ ಕುರ್ಚಿನೂ ನಾನೇ ಹೊರಬೇಕಾ?”

ಸ್ಟೋರ್ ಕೀಪರ್ ನಿಯಮಾವಳಿಯ ಪುಟ ಹಿಂದೆ ಮುಂದೆ ತಿರುವಿ ನೋಡಿದರು. ಮೋಸದ ಮನುಷ್ಯರಲ್ಲ.

“ಹೊರಬಾರದು ಅಂತ ಎಲ್ಲೂ ಇಲ್ಲಮ್ಮ,” ಎಂದರು.

ವಿಷಯ ಅಧೀಕ್ಷಕರ ಮೇಜಿಗೆ ಹೋಯಿತು. ನಮ್ಮ ಅಧೀಕ್ಷಕರದು ಬೆಣ್ಣೆಯಂಥ ಮನಸ್ಸು. ಅರ್ಜಿ ಓದಿದರೆ ಕಣ್ಣೀರು ಬರುತ್ತದೆಂದು ಓದದೆಯೇ ಸಹಿ ಹಾಕುತ್ತಾರೆ. ಅವರು ಮಗಳನ್ನು ಕೂರಿಸಿ, ನೀರು ತರಿಸಿ, ಒಂದು ದಾರಿ ಹುಡುಕಿದರು. ಕುರ್ಚಿ ಹೊರಗೆ ಹೋಗಬಾರದು ಸರಿ, ತಾಯಿ ಒಳಗೆ ಬರಬಹುದಲ್ಲ? ಇದಕ್ಕೆ ‘ಸ್ಥಳದಲ್ಲೇ ಬಳಕೆ’ ಎಂದು ಅಲ್ಲೇ ಹೆಸರಿಟ್ಟರು.

“ಒಂದು ದಿನ ತಂದು ಕೂರ್ಸಿ,” ಎಂದು ದನಿ ತಗ್ಗಿಸಿ ಹೇಳಿದರು. “ಒಮ್ಮೆ ಕೂತ್ರೆ ಅದು ಬಳಸಿದ ಕುರ್ಚಿ ಆಯ್ತು. ಬಳಸಿದ ಕುರ್ಚಿನ ಹೊರಗೆ ಕಳಿಸೋಕೆ ಸ್ಟೋರ್ ಕೀಪರ್ ಹೊಟ್ಟೆ ಉರ್ಕೊಳಲ್ಲ.”

ಮಗಳು ಪಕ್ಕದ ತರಕಾರಿಯವನ ತಳ್ಳುಗಾಡಿ ಕೇಳಿ ಪಡೆದು, ಸೊಪ್ಪಿನ ಗೋಣಿಯ ಮೇಲೆ ತಾಯಿಯನ್ನು ಕೂರಿಸಿಕೊಂಡು ಮರುದಿನವೇ ತಂದಳು. ಆ ಗಾಡಿಗೆ ನಾಲ್ಕು ಗಾಲಿಗಳಿದ್ದವು. ನಾಲ್ಕೂ ನೆಲ ಮುಟ್ಟುತ್ತಿದ್ದವು. ಆದರೆ ಅದು ಇಲಾಖೆಯ ಉಪಕರಣವಲ್ಲವಾದ್ದರಿಂದ ನಾವು ಕಂಡೂ ಕಾಣದಂತೆ ಇದ್ದೆವು.

ಅಜ್ಜಿಯನ್ನು ಹದಿನೇಳನೇ ಕುರ್ಚಿಯಲ್ಲಿ, ಪ್ಲಾಸ್ಟಿಕ್ ಬಿಚ್ಚದೆ, ಕೂರಿಸಲಾಯಿತು. ಅವರು ಸುತ್ತ ನೋಡಿದರು.

“ಇಲ್ಲೂ ಗೋಡೆನೇ ಅಲ್ವೇನೇ?”

“ಇವತ್ತೊಂದು ದಿನ ಅಮ್ಮ. ನಾಳೆಯಿಂದ ಅಂಗಡಿ ಬಾಗಿಲಲ್ಲೇ.”

ಹೀಗೆಂದು ಮಗಳು ಸಂಜೆಗೆ ಕೊಡಬೇಕಾದ ಶಾಲಾ ಸಮವಸ್ತ್ರ ಮುಗಿಸಲು ಅಂಗಡಿಗೆ ಓಡಿದಳು. ಅವಳು ಗೇಟು ದಾಟಿ ಅರ್ಧ ಗಂಟೆ ಆಗಿತ್ತೋ ಇಲ್ಲವೋ, ವಾರ್ಷಿಕ ದಾಸ್ತಾನು ತಪಾಸಣೆಗೆ ಮೇಲಿನ ಕಚೇರಿಯ ತಪಾಸಣಾಧಿಕಾರಿ ಬಂದಿಳಿದರು. ಅವರು ಎಲ್ಲಿಗೂ ಹೇಳಿ ಹೋಗುವವರಲ್ಲ. ಕುರ್ಚಿ ಎಣಿಸಿದರು, ನಲವತ್ತು. ಅಜ್ಜಿಯ ಹತ್ತಿರ ಬಂದು ನಿಂತರು.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿದಿರಲಿ. ಉಗ್ರಾಣದಲ್ಲಿ ವಸ್ತು ಕಡಿಮೆ ಬಿದ್ದರೆ ಭಯವಿಲ್ಲ, ಇಲಿ ಇದೆ, ಗೆದ್ದಲಿದೆ. ಹೆಚ್ಚು ಬಿದ್ದರೆ ಮಾತ್ರ ಯಾರ ತಲೆಗೆ ಕಟ್ಟುವುದೆಂದೇ ತಿಳಿಯುವುದಿಲ್ಲ. ಅದಕ್ಕಾಗಿಯೇ ಇಪ್ಪತ್ತೆರಡನೇ ನಿಯಮವಿದೆ: ‘ತಪಾಸಣೆಯ ದಿನ ಉಗ್ರಾಣದ ನಾಲ್ಕು ಗೋಡೆಗಳೊಳಗೆ ಸಿಬ್ಬಂದಿ ಹೊರತು ಏನಿದ್ದರೂ ಅದನ್ನು ಕೂಡಲೇ ದಾಸ್ತಾನಿಗೆ ಸೇರಿಸತಕ್ಕದ್ದು.’

“ಇದೇನು?” ಎಂದರು ತಪಾಸಣಾಧಿಕಾರಿ.

“ಅಜ್ಜಿ ಸಾರ್,” ಎಂದರು ಸ್ಟೋರ್ ಕೀಪರ್.

“ಸಿಬ್ಬಂದಿನಾ?”

“ಅಲ್ಲ ಸಾರ್.”

“ಮತ್ತೆ ಯಾಕೆ ನೋಡ್ತಾ ನಿಂತಿದ್ದೀರಿ? ಬರ್ಕೊಳ್ಳಿ.”

ನಾನೇ ಬರೆದುಕೊಂಡೆ. ದಾಸ್ತಾನು ಸಂಖ್ಯೆ: ನಲವತ್ತೊಂದು. ವಿವರ: ಅಜ್ಜಿ, ಒಂದು. ಸ್ಥಿತಿ: ಬಲ ಸೊಂಟ ಹೊರತು ಉತ್ತಮ. ತಯಾರಾದ ವರ್ಷ ಯಾವುದೆಂದು ವಿಚಾರಿಸಲಾಗಿ, “ದೊಡ್ಡ ನೆರೆ ಬಂದಿತ್ತಲ್ಲಪ್ಪ, ಅದರ ಹಿಂದಿನ ವರ್ಷ,” ಎಂದು ವಸ್ತುವೇ ತಿಳಿಸಿತು. ಸ್ಟೋರ್ ಕೀಪರ್ ಅಜ್ಜಿಯ ಮಣಿಕಟ್ಟಿಗೆ ಸಂಖ್ಯೆಯ ಚೀಟಿ ಕಟ್ಟಲು ಹೋದಾಗ ಅವರ ಗಂಟು ಎರಡು ಸಲ ಜಾರಿತು.

“ನಿನ್ನ ಕೈಯಲ್ಲಿ ಆಗಲ್ಲ ಬಿಡು, ಕೊಡಿಲ್ಲಿ,” ಎಂದು ಅಜ್ಜಿ ದಾರ ಕಿತ್ತುಕೊಂಡು, ಒಂದು ತುದಿ ಹಲ್ಲಲ್ಲಿ ಕಚ್ಚಿ, ತಾವೇ ಕಟ್ಟಿಕೊಂಡರು. ನಲವತ್ತು ವರ್ಷದ ಕೈ. ಆ ಗಂಟು ಬಿಚ್ಚಿಕೊಳ್ಳುವ ಪೈಕಿಯದಲ್ಲ.

ಸಂಜೆ ಐದಕ್ಕೆ ಮಗಳು ತಳ್ಳುಗಾಡಿಯೊಂದಿಗೆ ಬಂದಾಗ ಗೇಟಿನವನು ತಡೆದ. ಸರ್ಕಾರಿ ವಸ್ತು ಹೊರಗೆ ಹೋಗಲು ಪಾಸ್ ಬೇಕು.

“ನಮ್ಮಮ್ಮ ಕಣ್ರೀ ಅದು!” ಎಂದು ಅವಳು ಕೂಗಾಡಿದಳು.

“ಅಲ್ಲ ಅಂದವರ್ಯಾರಮ್ಮ?” ಎಂದು ಸ್ಟೋರ್ ಕೀಪರ್ ಸಮಾಧಾನ ಹೇಳಿದರು. “ನಿಮ್ಮಮ್ಮನೇ. ಆದ್ರೆ ಈಗ ಇಲಾಖೆದು.”

ಅವಳು ಅತ್ತಳು. ಅತ್ತೂ ಅತ್ತೂ ಗೇಟಿನ ಕಂಬಿಗೆ ಹಣೆ ಒತ್ತಿ ನಿಂತಳು. ನನಗೂ ಕರುಳು ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಯಾವ ಕಡತಕ್ಕೆ ಸೇರಿಸಬೇಕೆಂದು ತಿಳಿಯದೆ ಸುಮ್ಮನಾದೆ.

ಅಧೀಕ್ಷಕರು ಎರಡು ಮಾರ್ಗ ತೋರಿಸಿದರು. ಮೊದಲನೆಯದು, ಮೂವರ ಸಮಿತಿ ಕೂತು ವಸ್ತುವನ್ನು ನಿರುಪಯುಕ್ತವೆಂದು ಘೋಷಿಸುವುದು. ಹಾಗೆ ಘೋಷಿಸಿದ್ದು ನೇರ ಗುಜರಿಗೆ ಹೋಗುತ್ತದೆ. ಅದಕ್ಕೆ ಮಗಳು ಒಂದು ಪತ್ರ ಬರೆದುಕೊಡಬೇಕಿತ್ತು.

“ನಮ್ಮಮ್ಮ ಉಪಯೋಗಕ್ಕಿಲ್ಲ ಅಂತ ನನ್ನ ಕೈಯಾರೆ ಬರೀಲಾ? ಪ್ರಾಣ ಹೋದ್ರೂ ಬರಿಯಲ್ಲ.”

“ಹಾಗಾದ್ರೆ ಎರವಲು ಕೇಳಿ,” ಎಂದರು ಅಧೀಕ್ಷಕರು. ಅದು ಎರಡನೆಯ ಮಾರ್ಗ.

ಅವಳು ಅದೇ ಅರ್ಜಿ ನಮೂನೆ ತುಂಬಿದಳು. ಬೇಕಾದ ಉಪಕರಣ: ತಾಯಿ. ಸಂಖ್ಯೆ: ಒಂದು. ಯಾವ ಉದ್ದೇಶಕ್ಕೆ ಎಂಬಲ್ಲಿ ಒಂದೆರಡು ಸಲ ಬರೆದು ಹೊಡೆದುಹಾಕಿದಳು. ಕೊನೆಗೆ ‘ಮನೆಗೆ’ ಎಂದು ಬರೆದಳು.

ಒಂಬತ್ತೇ ದಿನದಲ್ಲಿ ಮಂಜೂರಾಯಿತು. ಅಷ್ಟು ದಿನ ಅಜ್ಜಿಗೆ ಏನೂ ಕಡಿಮೆ ಮಾಡಿರಲಿಲ್ಲ. ಒರಗಲು ಉಗ್ರಾಣದ್ದೇ ಹೊಸ ಮಂಚ, ಪ್ಲಾಸ್ಟಿಕ್ ಸಮೇತ. ನೋಡಿಕೊಳ್ಳಲು ಒಬ್ಬ ಆಯಾ. ಊಟವನ್ನು ‘ಎಣ್ಣೆ ಮತ್ತು ನಿರ್ವಹಣೆ’ ಎಂಬ ಶೀರ್ಷಿಕೆಯಡಿ ಒದಗಿಸಲಾಯಿತು.

ಮಗಳು ಹೊಸ ಸೀರೆಯೊಂದನ್ನು ತಾಯಿಗೆಂದು ಚೀಲದಲ್ಲಿಟ್ಟುಕೊಂಡು ಮಂಜೂರಾತಿ ಪತ್ರದೊಂದಿಗೆ ಬಂದಳು. ಸ್ಟೋರ್ ಕೀಪರ್ ಈ ಬಾರಿಯೂ ಎದ್ದು ನಿಂತು ಅಭಿನಂದಿಸಿದರು.

“ಹದಿನಾಲ್ಕನೇ ನಿಯಮ ಗೊತ್ತಲ್ಲಮ್ಮ? ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು. ನಿಮ್ಮಮ್ಮನಿಗೆ ಇವತ್ತಿಗೆ ಎಪ್ಪತ್ತೆಂಟು ವರ್ಷ, ನಾಲ್ಕು ತಿಂಗಳು. ವಾಪಸ್ ತರುವಾಗ ಒಂದು ದಿನ ಕೂಡ ಜಾಸ್ತಿ ಆಗಿರಬಾರದು.”

ಮಗಳು ಈ ಸಲ ಕೂಗಲಿಲ್ಲ. ಅವಳು ಬುದ್ಧಿವಂತೆ, ಇಲಾಖೆಯ ಕೆಲಸ ಅರ್ಥವಾಗತೊಡಗಿತ್ತು.

“ಸ್ಥಳದಲ್ಲೇ ಬಳಸಬಹುದಾ ಸಾರ್?” ಎಂದಳು.

“ಧಾರಾಳವಾಗಿ.”

ಅಂದಿನಿಂದ ಅವಳು ಬೆಳಿಗ್ಗೆ ಹತ್ತಕ್ಕೆ ಬಂದು ಸಹಿ ಹಾಕಿ ತಾಯಿಯನ್ನು ಪಡೆದುಕೊಳ್ಳುತ್ತಾಳೆ. ಐದೂವರೆಗೆ ಹಿಂದಿರುಗಿಸುತ್ತಾಳೆ. ಬೀದಿಯ ಅಂಗಡಿಗೆ ಬೀಗ ಬಿದ್ದಿದೆ. ಕೈಹೊಲಿಗೆಯ ಬಟ್ಟೆಗಳನ್ನು ಇಲ್ಲಿಗೇ ತರುತ್ತಾಳೆ, ಅಜ್ಜಿ ಕಾಜಾ ಹಾಕಿ ಕೊಡುತ್ತಾರೆ. ಹೋಗುವಾಗ ಸೂಜಿ ದಾರ ಏನನ್ನೂ ಬಿಟ್ಟುಹೋಗದಂತೆ ನೆಲವೆಲ್ಲ ತಡಕಿ ನೋಡುತ್ತಾಳೆ.

ವಾರ್ಷಿಕ ವರದಿಯಲ್ಲಿ ಈ ಪ್ರಕರಣವನ್ನು ಯಶೋಗಾಥೆ ಎಂಬ ಅಧ್ಯಾಯದಲ್ಲಿ ಸೇರಿಸಿದ್ದೇನೆ. ನಾಲ್ಕು ಜನರ ಮುಖ ನೋಡಬೇಕೆಂಬ ಅಜ್ಜಿಯ ಬೇಡಿಕೆ ಪೂರ್ತಿ ಈಡೇರಿದೆ. ಅಧೀಕ್ಷಕರು, ಸ್ಟೋರ್ ಕೀಪರ್, ಆಯಾ ಮತ್ತು ನಾನು, ಎಣಿಸಿದರೆ ಸರಿಯಾಗಿ ನಾಲ್ವರೇ ಆಗುತ್ತೇವೆ. ಸುದ್ದಿ ಹರಡಿ ಇನ್ನೂ ಐದು ಮನೆಯವರು ತಮ್ಮ ಹಿರಿಯರನ್ನು ಸ್ಥಳದಲ್ಲೇ ಬಳಕೆಗೆ ತಂದು ಕೂರಿಸಿದರು. ಈ ವರ್ಷದ ತಪಾಸಣೆಯ ನಂತರ ನಮ್ಮ ದಾಸ್ತಾನು ನಲವತ್ತಾರಕ್ಕೆ ಏರಿದ್ದು, ಕುರ್ಚಿಗಳಿಗೆ ಒಂದು ಗೀರೂ ಬಿದ್ದಿಲ್ಲ. ಬೇರೆ ಉಗ್ರಾಣದವರು ನೋಡಿ ಕಲಿಯಲು ಬರುತ್ತಿದ್ದಾರೆ.

ಮೊನ್ನೆ ಐದೂವರೆಗೆ ಮಗಳು ಹಿಂದಿರುಗಿಸುವ ಪುಸ್ತಕ ತೆರೆದಳು. ತಾಯಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಏನೋ ನೆನಪಾದವಳಂತೆ ಅವಳು ಬಗ್ಗಿ ತಾಯಿಯ ತಲೆ ಸವರಿದಳು. ಅಜ್ಜಿ ಕಣ್ಣು ಬಿಡದೆಯೇ, “ಹೊತ್ತಾಯ್ತು ಹೊರಡೇ, ಪಾಪ ಅವರೂ ಬಾಗಿಲು ಹಾಕ್ಬೇಕು,” ಎಂದರು.

ಸ್ಟೋರ್ ಕೀಪರ್ ಮೆಲ್ಲಗೆ ಕೆಮ್ಮಿದರು. ಮಗಳಿಗೆ ತಪ್ಪು ತಿಳಿಯಿತು. ಕೆದರಿದ್ದ ನಾಲ್ಕು ಬಿಳಿ ಕೂದಲನ್ನು ಬೆಳಿಗ್ಗೆ ಹೇಗಿದ್ದವೋ ಹಾಗೇ ಕೂರಿಸಿ, ಒಮ್ಮೆ ಹಿಂದೆ ಸರಿದು ನೋಡಿ, ಸಹಿ ಹಾಕಿದಳು.